ವಿಮಾನದ ಹೊತ್ತು ಕೊಟ್ಟರೆ ಸಾಲದು

ಮಾನ್ಯರೇ,

ನಿಮ್ಮ ಪ್ರವಾಸ ಪುಟದಲ್ಲಿ ಲಂಡನ್–ಪ್ಯಾರಿಸ್ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಕೊನೆಯ ಬಾಕ್ಸ್‌ನಲ್ಲಿ ‘ದೂರ ಸುಮಾರು 340 ಕಿ.ಮೀ., ವಿಮಾನದಲ್ಲಿ 1 ಗಂಟೆ 15 ನಿಮಿಷ’ ಎಂದು ಬರೆದು ಮುಗಿಸಿದ್ದೀರಿ. ಸಾರಿಗೆ ಸಂಸ್ಥೆಯ ಸಂಚಾರ ನಿಯಂತ್ರಕನಾಗಿ ಬಸ್ಸುಗಳ ಹೊತ್ತು ನೋಡುತ್ತಲೇ ನಿವೃತ್ತನಾದವನು ನಾನು. ಮಗಳು ಲಂಡನ್‌ನಲ್ಲಿ ಇರುವುದರಿಂದ ಆ ದಾರಿಯಲ್ಲಿ ವಿಮಾನವನ್ನೂ ಹತ್ತಿದ್ದೇನೆ, ರೈಲನ್ನೂ ಹತ್ತಿದ್ದೇನೆ. ಹಾಗಾಗಿ ಎರಡು ಮಾತು.

ಆ ಒಂದೂಕಾಲು ಗಂಟೆಯಲ್ಲಿ ವಿಮಾನ ಆಕಾಶದಲ್ಲಿ ಇರುವುದು ಒಂದು ಗಂಟೆಗಿಂತ ಕಡಿಮೆಯೇ. ಉಳಿದದ್ದು ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ನೆಲದ ಮೇಲೆ ಉರುಳುವುದು. ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಂತೂ ಈ ಉರುಳಾಟ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ.

ಇನ್ನು ನಿಲ್ದಾಣದ ಹೊರಗಿನ ಲೆಕ್ಕ. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಹೀಥ್ರೂಗೆ ಪಿಕಡಿಲಿ ಮಾರ್ಗದ ಮೆಟ್ರೊದಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಆ ಕಡೆ ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜು, ಆಮೇಲೆ ಊರೊಳಗೆ ಹೋಗಲು ಲೋಕಲ್ ರೈಲಿನಲ್ಲಿ ಅರ್ಧ ಗಂಟೆಗೂ ಜಾಸ್ತಿ. ಎಲ್ಲ ಕೂಡಿಸಿದರೆ ಐದು ಗಂಟೆ ದಾಟುತ್ತದೆ ಅಲ್ವಾ?

ಅದೇ ಕಿಂಗ್ಸ್ ಕ್ರಾಸ್ ಪಕ್ಕದ ಸೇಂಟ್ ಪ್ಯಾಂಕ್ರಸ್‌ನಲ್ಲಿ ಯೂರೋಸ್ಟಾರ್ ಹತ್ತಿ. ರೈಲು ಸುತ್ತಿಕೊಂಡು 490 ಕಿ.ಮೀ. ಓಡುತ್ತದೆ. ಆದರೂ ಸುಮಾರು ಎರಡೂಕಾಲು ಗಂಟೆಗೆಲ್ಲ ಪ್ಯಾರಿಸ್ ನಡುವಿನ ಗಾರ್ ದು ನೋರ್‌ನಲ್ಲಿ ಇಳಿಸುತ್ತದೆ. ನಡುವೆ ಕಡಲಡಿಯ ಸುರಂಗ, ಉದ್ದ 50 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಕಿಟಕಿಯಲ್ಲಿ ಏನೂ ಕಾಣದು, ಇಪ್ಪತ್ತು ನಿಮಿಷ ಬರೀ ಕತ್ತಲೆ. ಫ್ರಾನ್ಸಿನ ಪೊಲೀಸರು ಲಂಡನ್‌ನಲ್ಲೇ ಕೂತು ಪಾಸ್‌ಪೋರ್ಟ್ ನೋಡುತ್ತಾರೆ. ಅದಕ್ಕೆಂದು ಒಂದು ಗಂಟೆಗೂ ಮುಂಚೆ ಹೋಗಬೇಕು ನಿಜ. ಆದರೆ ಪ್ಯಾರಿಸ್‌ನಲ್ಲಿ ಇಳಿದವರು ನೇರ ರಸ್ತೆಗೆ ನಡೆದುಬಿಡಬಹುದು.

ಗಡಿಯಾರದ ವಿಷಯವನ್ನೂ ನೀವು ಬರೆದಿಲ್ಲ. ಪ್ಯಾರಿಸ್ ವರ್ಷವಿಡೀ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಲಂಡನ್‌ನಲ್ಲಿ 10ಕ್ಕೆ ಹೊರಟ ವಿಮಾನದ ಟಿಕೆಟ್‌ನಲ್ಲಿ ತಲುಪುವ ಹೊತ್ತು 12.15 ಎಂದಿರುತ್ತದೆ. ವಾಪಸ್ ಬರುವಾಗ 10ಕ್ಕೆ ಹೊರಟು 10.15ಕ್ಕೆ ಇಳಿದಂತೆ ಕಾಣುತ್ತದೆ! ಮೊದಲ ಸಲ ಹೋಗುವ ಹಿರಿಯರು ಇದನ್ನು ನೋಡಿ ಗಾಬರಿ ಬೀಳುತ್ತಾರೆ.

ವಿಮಾನವೇ ಬೇಡ ಎನ್ನುತ್ತಿಲ್ಲ. ಶಾರ್ಲ್ ದ ಗಾಲ್‌ನಲ್ಲೇ ಬೇರೆ ವಿಮಾನ ಹಿಡಿಯುವವರಿಗೆ ಅದೇ ಸರಿ. ಸುಮ್ನೆ ಊರು ನೋಡಲು ಹೋಗುವವರಿಗೆ ಮಾತ್ರ ಅಲ್ಲ.

ಮುಂದೆ ಇಂಥ ಬಾಕ್ಸ್ ಹಾಕುವಾಗ ಊರ ನಡುವಿನಿಂದ ಊರ ನಡುವಿಗೆ ಹಿಡಿಯುವ ಹೊತ್ತನ್ನೂ, ಎರಡೂ ಊರಿನ ಗಡಿಯಾರದ ವ್ಯತ್ಯಾಸವನ್ನೂ ಕೊಡಿ. ಜತೆಗೆ ಬ್ರಿಟನ್ ವೀಸಾ ಇದ್ದರೂ ಭಾರತೀಯರಿಗೆ ಪ್ಯಾರಿಸ್‌ಗೆ ಷೆಂಗೆನ್ ವೀಸಾ ಬೇರೆಯೇ ಬೇಕು ಎಂಬ ಒಂದು ಸಾಲನ್ನೂ ಸೇರಿಸಿ.

– ನಿವೃತ್ತ ಸಂಚಾರ ನಿಯಂತ್ರಕ, ಹಾಸನ