ಮನೋರೋಗದ ಗುಳಿಗೆ ತಾಲ್ಲೂಕಿನಲ್ಲೇ ಸಿಗಲಿ

ಮಾನ್ಯರೇ,

ಯಾರಾದರೂ ಸ್ವಲ್ಪ ಬೇರೆ ಥರ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎನ್ನುವುದು ನಮ್ಮ ಕಡೆ ರೂಢಿ. ಈ ಮಾತಿಗೆ ಅಂಜಿಯೇ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಮೆಟ್ಟಿಲು ಹತ್ತದ ಮನೆಗಳಿವೆ. ಹತ್ತಿದವರಿಗೆ ಚಿಕಿತ್ಸೆಯೇನೋ ಸಿಗುತ್ತದೆ, ತೊಡಕು ಶುರುವಾಗುವುದು ಮುಂದಿನ ತಿಂಗಳು. ರೋಣದಿಂದಲೋ ಹಿರೇಕೆರೂರಿನಿಂದಲೋ ಬರೀ ಗುಳಿಗೆಗಾಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಶಕ್ತಿ ಯೋಜನೆಯಿಂದ ತಾಯಿಯ ಬಸ್ ಚಾರ್ಜ್ ಉಳಿದರೂ ಮಗನದು ಉಳಿಯುವುದಿಲ್ಲ. ಸುಗ್ಗಿಯಲ್ಲಿ ಒಮ್ಮೆ ತಪ್ಪಿದರೆ ಗುಳಿಗೆ ನಿಂತೇಹೋಗುತ್ತದೆ, ಕಾಯಿಲೆ ಮರುಕಳಿಸುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಸ್ಪಷ್ಟವಾಗಿದೆ: ಅಗತ್ಯ ಔಷಧ ಪಟ್ಟಿಯಲ್ಲಿರುವ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೆ ಸದಾಕಾಲ ಉಚಿತವಾಗಿ ಸಿಗಬೇಕು. ‘ಸದಾಕಾಲ’ ಎಂಬುದು ನಮ್ಮ ಸೇರಿಕೆಯಲ್ಲ, ಕಾಯ್ದೆಯಲ್ಲೇ ಇದೆ. ಆದರೂ ‘ಸ್ಟಾಕ್ ಇಲ್ಲ, ಹೊರಗ ತಗೋರಿ’ ಎಂಬ ಮಾತು ಕೌಂಟರಿನಲ್ಲಿ ಕೇಳಿಸುತ್ತಲೇ ಇರುತ್ತದೆ.

ಹೊರಗೆ ತೆಗೆದುಕೊಳ್ಳುವಾಗ ಆಗುವ ಎಡವಟ್ಟು ಬಹಳ ಮಂದಿಗೆ ತಿಳಿದಿಲ್ಲ. ಭ್ರಮೆಯಂಥ ತೀವ್ರ ಮನೋರೋಗಕ್ಕೆ ಕೊಡುವ ಹ್ಯಾಲೋಪೆರಿಡಾಲ್ ಜೊತೆಗೆ, ಅದರ ಅಡ್ಡಪರಿಣಾಮ ತಡೆಯಲು ಸಾಮಾನ್ಯವಾಗಿ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಬರೆದಿರುತ್ತಾರೆ. ರೊಕ್ಕ ಸಾಲದೆ ಮೊದಲನೆಯದನ್ನಷ್ಟೇ ಒಯ್ದರೆ ಕತ್ತು ತಿರುಚಿಕೊಳ್ಳಬಹುದು, ದವಡೆ ಬಿಗಿಯಬಹುದು. ‘ಗುಳಿಗಿ ಒಗ್ಗಲಿಲ್ಲ’ ಎಂದು ಮನೆಯವರು ಎಲ್ಲವನ್ನೂ ನಿಲ್ಲಿಸುತ್ತಾರೆ. ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು. ಹತ್ತೇ ದಿನಕ್ಕೆ ಬಿಡುವವರೇ ಹೆಚ್ಚು.

ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಇನ್ನೂ ನಾಜೂಕು. ಅದರ ರಕ್ತಪರೀಕ್ಷೆ ರಾತ್ರಿಯ ಗುಳಿಗೆ ತೆಗೆದುಕೊಂಡ 12 ತಾಸಿಗೆ, ಬೆಳಗಿನದನ್ನು ನುಂಗುವ ಮೊದಲು ಆಗಬೇಕು. ಹಳ್ಳಿಯಿಂದ ನಸುಕಿನ ಬಸ್ಸಿಗೆ ಹೊರಡುವವರು ಗುಳಿಗೆ ನುಂಗಿಯೇ ಹತ್ತುತ್ತಾರೆ. ವರದಿಯಲ್ಲಿ ಪ್ರಮಾಣ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಡೋಸ್ ಸುಮ್ಮನೆ ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ, ವಾಂತಿಭೇದಿಯಾದಾಗ, ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗಿದಾಗಲಾದರೋ ರಕ್ತದಲ್ಲಿ ಲಿಥಿಯಂ ನಿಜವಾಗಿಯೇ ಏರಬಹುದು. ಕೈ ಜೋರಾಗಿ ನಡುಗಿ, ನಡಿಗೆ ತೂರಾಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ಯಾರ ಗಂಟು ಹೋಗುತ್ತದೆ?

ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು, ಡಿಮ್ಹಾನ್ಸ್ ಅಥವಾ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ಹಳೆಯ ಚೀಟಿ, ಖಾಲಿ ಸ್ಟ್ರಿಪ್, ರಕ್ತಪರೀಕ್ಷೆ ವರದಿ ಹಿಡಿದು ಹೋದರೆ ಅಲ್ಲೇ ಚಿಕಿತ್ಸೆ ಮುಂದುವರಿಸಬಹುದು. ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರು, ಮಿ.ಗ್ರಾಂ., ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳಿ. ಸ್ಟಾಕ್ ಇಲ್ಲದ ದಿನ ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಹುಡುಕಲು ಅದು ಬೇಕು. ನಡುವೆ ಏನಾದರೂ ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಪ್ರತಿ ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರಿನ ಮುಂದೆ ಮನೋರೋಗದ ಯಾವ ಗುಳಿಗೆ ಇದೆ, ಯಾವುದು ಮುಗಿದಿದೆ ಎಂದು ವಾರವಾರ ಫಲಕ ಬರೆಸಲಿ. ಕಾಯಿಲೆ ಹತೋಟಿಯಲ್ಲಿರುವವರಿಗೆ ವೈದ್ಯರು ಒಪ್ಪಿದರೆ ಎರಡು ತಿಂಗಳ ಗುಳಿಗೆ ಒಟ್ಟಿಗೆ ಕೊಡಲಿ.

– ಒಬ್ಬ ಫಾರ್ಮಸಿಸ್ಟ್, ಗದಗ