ಒಂಬತ್ತನೇ ತರಗತಿಯ ಪೋಷಕರಿಗೆ: ಶಿಲಾಪದರಗಳ ಪ್ರಶ್ನೆಗೆ ನೀಡಿದ ಅಂಕಗಳ ಕುರಿತು

ಮಾನ್ಯ ಪೋಷಕರೇ,

ವಿಜ್ಞಾನ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬಂದ ಮೇಲೆ ತಮ್ಮಲ್ಲಿ ಹಲವರು ಶಾಲೆಗೆ ಬಂದು, ಇನ್ನು ಕೆಲವರು ಬರವಣಿಗೆಯಲ್ಲಿ, ಒಂದೇ ಆಕ್ಷೇಪವನ್ನು ತಿಳಿಸಿದ್ದೀರಿ. ಶಿಲಾಪದರಗಳ ಚಿತ್ರ ಕೊಟ್ಟು ಕೇಳಿದ್ದ ಪ್ರಶ್ನೆಗೆ ‘ಮೊದಲು ಮರುಭೂಮಿ ಇತ್ತು, ಆಮೇಲೆ ಆಳವಿಲ್ಲದ ಸಮುದ್ರ ಬಂದಿತು’ ಎಂದು ಬರೆದ ಮಕ್ಕಳಿಗೂ ಅರ್ಧದಷ್ಟೇ ಅಂಕ ಬಂದಿದೆ. ಸರಿಯುತ್ತರಕ್ಕೆ ಅಂಕ ಕಳೆಯುವುದು ಯಾವ ನ್ಯಾಯ ಎಂಬುದು ತಮ್ಮ ಪ್ರಶ್ನೆ. ಮಕ್ಕಳ ಓದನ್ನು ಇಷ್ಟು ಹತ್ತಿರದಿಂದ ಗಮನಿಸುತ್ತಿರುವ ತಮ್ಮ ಬಗ್ಗೆ ಶಾಲೆಗೆ ಗೌರವವಿದೆ. ಆದರೂ ಆ ಅಂಕಗಳನ್ನು ಬದಲಿಸಲಾಗುವುದಿಲ್ಲ. ಅದರ ಕಾರಣವನ್ನು ವಿವರವಾಗಿ ತಿಳಿಸುವುದು ನನ್ನ ಕರ್ತವ್ಯ.

ಪ್ರಶ್ನೆಯಲ್ಲಿ ಎರಡು ಭಾಗಗಳಿದ್ದವು: ಅಲ್ಲಿ ಏನಿತ್ತು, ಅದು ಹೇಗೆ ತಿಳಿಯುತ್ತದೆ. ಬಹುತೇಕ ಮಕ್ಕಳು ಮೊದಲನೆಯದಕ್ಕೆ ಉತ್ತರಿಸಿ ಎರಡನೆಯದನ್ನು ಬಿಟ್ಟಿದ್ದರು. ಶಿಕ್ಷಕರು ಅಂಕ ಕಳೆದದ್ದು ಬರೆದ ಮಾತಿಗಲ್ಲ, ಬರೆಯದೆ ಬಿಟ್ಟ ಆಧಾರಕ್ಕೆ. ಈ ಪಾಠದಲ್ಲಿ ಆಧಾರವೇ ಮುಖ್ಯವೆಂದು ನಾವು ಏಕೆ ಪಟ್ಟುಹಿಡಿಯುತ್ತೇವೆ ಎಂಬುದು ಚಿತ್ರವನ್ನೇ ಮುಂದಿಟ್ಟುಕೊಂಡು ನೋಡಿದರೆ ತಮಗೂ ಮನವರಿಕೆಯಾದೀತು.

ಅದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಮೇಲ್ಭಾಗದ ಚಿತ್ರ. ಕೆಳಗೆ ಕೊಕೊನಿನೊ ಮರಳುಗಲ್ಲು, ಅದರ ಮೇಲೆ ಟೊರೊವೀಪ್ ಎಂಬ ಮಿಶ್ರ ಪದರ, ಎಲ್ಲಕ್ಕೂ ಮೇಲೆ ಕೈಬಾಬ್ ಸುಣ್ಣಗಲ್ಲು. ಮೂರೂ ಸುಮಾರು 27–28 ಕೋಟಿ ವರ್ಷಗಳ ಹಿಂದಿನ ಪರ್ಮಿಯನ್ ಕಾಲದವು. ಮರಳುಗಲ್ಲು ಕಂಡ ಕೂಡಲೇ ಮರುಭೂಮಿ ಎಂದು ಬರೆಯುವುದು ಸುಲಭ. ಆದರೆ ಮರಳು ನದಿಯಲ್ಲಿಯೂ ಇದೆ, ಕಡಲತೀರದಲ್ಲಿಯೂ ಇದೆ, ಕಡಲಿನ ತಳದಲ್ಲಿಯೂ ಇದೆ. ಗಾಳಿ ತಂದ ಮರಳನ್ನು ಗುರುತಿಸಲು ಕಲ್ಲಿನ ಹತ್ತಿರ ಹೋಗಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಮೂಲೆ ಸವೆದು ಗುಂಡಗಾದವು, ಒಂದಕ್ಕೊಂದು ಬಡಿದು ಹೊಳಪು ಕಳೆದುಕೊಂಡು ಮಂಕಾದವು. ಕಲ್ಲಿನ ಮೈಮೇಲೆ ಓರೆಯಾಗಿ ಇಳಿಯುವ ತೆಳು ಗೆರೆಗಳು ಸಾಲುಸಾಲಾಗಿ ಕಾಣುತ್ತವೆ. ಗಾಳಿ ಮರೆಯ ಕಡೆಗೆ ಮರಳು ಜಾರಿ ಬಿದ್ದ ದಿಬ್ಬದ ಇಳಿಜಾರುಗಳಿವು. ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು, ಆದುದರಿಂದ ಆ ಗೆರೆಗಳ ಓರೆಗೂ ಒಂದು ಮಿತಿ ಇರುತ್ತದೆ.

ಇಷ್ಟೂ ಇದ್ದರೂ ಒಂದೇ ಗುರುತು ಸಾಲದು, ಏಕೆಂದರೆ ನೀರಿನ ಅಡಿಯಲ್ಲಿಯೂ ಮರಳು ದಿಬ್ಬಗಟ್ಟಿ ಓರೆ ಗೆರೆಗಳನ್ನು ಬಿಡುತ್ತದೆ. ಕೊಕೊನಿನೊ ಕಲ್ಲಿನಲ್ಲಿ ನಾಲ್ಕು ಕಾಲಿನ ಪ್ರಾಣಿಗಳು ಇಳಿಜಾರು ಹತ್ತಿಹೋದ ಹೆಜ್ಜೆಗುರುತುಗಳಿವೆ. ಕಣದ ರೂಪ, ಗೆರೆಗಳ ಓರೆ, ಹೆಜ್ಜೆಗುರುತು ಇವು ಒಂದೇ ಕಡೆಗೆ ಬೆರಳು ತೋರಿಸಿದಾಗ ಮಾತ್ರ ಮರುಭೂಮಿ ಎಂಬ ಮಾತಿಗೆ ಬಲ ಬರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಡುವಿನ ಟೊರೊವೀಪ್ ಪದರ. ಅದರಲ್ಲಿ ಮರಳುಗಲ್ಲು, ಜಿಪ್ಸಂ ಎಂಬ ಖನಿಜ, ಸುಣ್ಣಗಲ್ಲು ಮೂರೂ ಇವೆ. ಇಂದು ಅಬುಧಾಬಿಯ ಕರಾವಳಿಯಲ್ಲಿ ಇಂಥ ಜಾಗವನ್ನು ಕಣ್ಣಾರೆ ಕಾಣಬಹುದು: ಮರಳುದಿಬ್ಬಗಳಿಗೂ ಬಿಸಿ, ಆಳವಿಲ್ಲದ ಕಡಲಿಗೂ ನಡುವೆ ಚಪ್ಪಟೆಯಾದ ಉಪ್ಪುನೆಲ ಹಾಸಿಕೊಂಡಿದೆ, ಅದರ ಮಣ್ಣಿನೊಳಗಿನ ಉಪ್ಪುನೀರು ಬಿಸಿಲಿಗೆ ಆರುತ್ತಾ ಒಳಗೇ ಜಿಪ್ಸಂ ಹರಳುಗಟ್ಟುತ್ತದೆ. ಕಡಲ ನೀರು ಆರಿ 3ರಿಂದ 5 ಪಟ್ಟು ಸಾಂದ್ರವಾದಾಗ ಜಿಪ್ಸಂ, 10 ಪಟ್ಟಿನ ಆಸುಪಾಸಿಗೆ ಬಂದಾಗ ಉಪ್ಪು ಹೊರಬೀಳುತ್ತದೆ. ಹಾಗಾಗಿ ಪದರದಲ್ಲಿ ಜಿಪ್ಸಂ ಕಂಡರೆ, ಮಳೆ ಕಡಿಮೆ, ಬಿಸಿಲು ಹೆಚ್ಚು, ಕಡಲು ಹತ್ತಿರ ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ಊಹಿಸಲು ಬರುತ್ತದೆ. ಮೇಲಿನ ಕೈಬಾಬ್ ಸುಣ್ಣಗಲ್ಲಿನಲ್ಲಿ ಚಿಪ್ಪುಜೀವಿಗಳು, ಸ್ಪಂಜುಗಳು, ಕಡಲಲಿಲ್ಲಿ ಎಂಬ ಕಡಲಪ್ರಾಣಿಗಳ ಪಳೆಯುಳಿಕೆಗಳಿರುವುದರಿಂದ ಅಲ್ಲಿ ಸಮುದ್ರವಿತ್ತೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಇನ್ನೂ ಒಂದು ಮಾತು. ಟೊರೊವೀಪ್ ಪದರವನ್ನು ಪಶ್ಚಿಮದಿಂದ ಪೂರ್ವಕ್ಕೆ ಅನುಸರಿಸುತ್ತಾ ಹೋದರೆ ಸುಣ್ಣಗಲ್ಲು ಕಡಿಮೆಯಾಗಿ ದಿಬ್ಬದ ಮರಳುಗಲ್ಲು ಹೆಚ್ಚುತ್ತದೆ. ಎಂದರೆ ಪಶ್ಚಿಮದಲ್ಲಿ ಸಮುದ್ರವಿದ್ದ ಹೊತ್ತಿನಲ್ಲೇ ಪೂರ್ವದಲ್ಲಿ ಮರುಭೂಮಿಯೂ ಇತ್ತು. ದಡ ಮಾತ್ರ ಹಿಂದೆ ಮುಂದೆ ಸರಿಯುತ್ತಿತ್ತು. ನಡುವೆ ಕಡಿತವಿಲ್ಲದೆ ಒಂದರ ಮೇಲೊಂದು ಕೂತ ಪದರಗಳು ಒಂದು ಕಾಲದಲ್ಲಿ ಅಕ್ಕಪಕ್ಕದಲ್ಲಿದ್ದ ಪರಿಸರಗಳವು ಎಂಬ ನಿಯಮವನ್ನು ಜರ್ಮನಿಯ ಭೂವಿಜ್ಞಾನಿ ಯೊಹಾನೆಸ್ ವಾಲ್ಥರ್ 1894ರಲ್ಲಿಯೇ ಮಂಡಿಸಿದ್ದರು. ‘ಮೊದಲು ಮರುಭೂಮಿ, ಆಮೇಲೆ ಸಮುದ್ರ’ ಎಂಬ ಸಾಲು ತಪ್ಪಲ್ಲ, ಆದರೆ ಅದು ಈ ಸರಿದಾಟವನ್ನು ಮರೆಮಾಡುತ್ತದೆ. ಆಧಾರ ಹುಡುಕಿದ ಮಗುವಿಗೆ ಇದು ತಾನಾಗಿಯೇ ಕಾಣುತ್ತದೆ. ಸಾಲನ್ನು ಉರುಹೊಡೆದ ಮಗುವಿಗೆ ಕಾಣುವುದಿಲ್ಲ.

ಅಂಕ ಕಡಿಮೆ ಬಂದ ಮಕ್ಕಳು ದಡ್ಡರೆಂದು ಯಾರೂ ಭಾವಿಸಿಲ್ಲ, ತಾವೂ ದಯವಿಟ್ಟು ಹಾಗೆ ಭಾವಿಸಬೇಡಿ. ಅವರಲ್ಲಿ ಹಲವರು ತರಗತಿಯಲ್ಲಿ ಕಲ್ಲಿನ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಒಳ್ಳೆಯ ಪ್ರಶ್ನೆಗಳನ್ನು ಕೇಳಿದವರೇ. ಈ ಕಿರುಪರೀಕ್ಷೆಗೆ ವಾರ್ಷಿಕ ಫಲಿತಾಂಶದಲ್ಲಿರುವ ಪಾಲು ಅಲ್ಪ. ಹಾಗೆಂದು ಆಧಾರವಿಲ್ಲದ ಉತ್ತರಕ್ಕೆ ಪೂರ್ಣ ಅಂಕ ಕೊಡುವ ಪದ್ಧತಿಗೆ ನಾವು ಮರಳುವುದಿಲ್ಲ. ಮುಂದಿನ ಪರೀಕ್ಷೆಗಳಲ್ಲಿಯೂ ಇದೇ ನಿಯಮ ಇರುತ್ತದೆ. ಇದು ಮಕ್ಕಳನ್ನು ಶಿಕ್ಷಿಸಲು ಮಾಡಿದ ನಿಯಮವಲ್ಲ ಎಂಬುದನ್ನು ಮತ್ತೊಮ್ಮೆ ವಿನಯದಿಂದ ತಿಳಿಸುತ್ತೇನೆ.

ಅದೇ ಚಿತ್ರವನ್ನು ಎಲ್ಲ ಮಕ್ಕಳಿಗೂ ಮತ್ತೆ ಕೊಟ್ಟಿದ್ದೇವೆ. ಮಕ್ಕಳು ಪ್ರತಿ ಪದರದ ಪಕ್ಕದಲ್ಲಿ ತಾವು ಕಂಡದ್ದನ್ನು ಮೊದಲು, ಊಹಿಸಿದ್ದನ್ನು ಆಮೇಲೆ ಬರೆದು ಸೋಮವಾರ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಬೇಕು. ಅಲ್ಲಿಯವರೆಗೆ ಮನೆಯಲ್ಲಿ ಉತ್ತರವನ್ನು ಹೇಳಿಕೊಡದೆ, ‘ಅದು ನಿನಗೆ ಹೇಗೆ ತಿಳಿಯಿತು’ ಎಂದು ಮಾತ್ರ ಕೇಳಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ