ಗೆಳೆಯನಿಗೊಂದು ಪತ್ರ: ನಾನು ಒಪ್ಪಿಕೊಂಡ ಬಾಡಿಗೆ

ಪ್ರಿಯ ಗೆಳೆಯಾ,

ಹೊಸ ಬಡಾವಣೆಯ ಬದುಕು ಹೇಗಿದೆ ಎಂದು ನೀನು ಕೇಳಿದ್ದೆ. ಇದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳುತ್ತಿರುವುದರಿಂದ ಉತ್ತರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಬದುಕು ಚೆನ್ನಾಗಿದೆ. ರಸ್ತೆಯುದ್ದಕ್ಕೂ ನೆರಳಿದೆ, ಕಚೇರಿ ಹತ್ತಿರವಿದೆ, ಎಷ್ಟು ರಾತ್ರಿಯಾದರೂ ನಿರ್ಭಯವಾಗಿ ನಡೆದು ಬರಬಹುದು. ಇವಕ್ಕೆಲ್ಲ ಬೆಲೆಯಿದೆ ಎಂದು ತಿಳಿದೇ ಬಂದೆ. ಬಾಡಿಗೆಯ ಹಿಂದೆಯೇ ಮುಂಗಡ, ನಿರ್ವಹಣಾ ಶುಲ್ಕ, ವಾಹನ ನಿಲ್ಲಿಸುವ ಜಾಗದ ದರ. ಬಟ್ಟೆ ಇಸ್ತ್ರಿಗೂ ಕ್ಷೌರಕ್ಕೂ ಇಲ್ಲಿ ಬೇರೆಯದೇ ಲೆಕ್ಕ. ಅಂಗಡಿಯವರು ಹೆಚ್ಚು ಬಾಡಿಗೆ ಕಟ್ಟುತ್ತಾರೆ, ಪಾಪ, ಅದಕ್ಕೇ ದುಬಾರಿ ಎಂದುಕೊಳ್ಳುತ್ತಿದ್ದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಈ ತರ್ಕವನ್ನು ತಿರುವಿ ಹಾಕಿದ್ದ. ಗೇಣಿ ಕೊಡುವುದರಿಂದ ಧಾನ್ಯ ತುಟ್ಟಿಯಾಗುವುದಿಲ್ಲ, ಧಾನ್ಯ ತುಟ್ಟಿಯಾಗಿರುವುದರಿಂದಲೇ ಗೇಣಿ ಹುಟ್ಟುತ್ತದೆ ಎಂಬುದು ಅವನ ವಾದ. ಹೊಲದ ಆ ಮಾತು ಬಡಾವಣೆಗೂ ಬಹುಮಟ್ಟಿಗೆ ಸಲ್ಲುತ್ತದೆ. ಜಾಗ ಹಿಗ್ಗುವುದಿಲ್ಲ, ಅದನ್ನು ಬಯಸುವವರು ಹೆಚ್ಚುತ್ತಾರೆ. ನಾವು ಕೊಡಲು ಸಿದ್ಧರಿರುವಷ್ಟನ್ನು ಮಾಲೀಕ ಕೇಳುತ್ತಾನೆ. ಅಂದರೆ ಇಲ್ಲಿನ ದುಬಾರಿಯನ್ನು ಕಟ್ಟುತ್ತಿರುವವರಲ್ಲಿ ನಾನೂ ಒಬ್ಬ.

ಇದನ್ನು ಓದಿದಾಗ ನನ್ನ ನಿದ್ದೆಯೇನೂ ಕೆಡಲಿಲ್ಲ. ಕೆಟ್ಟದ್ದು ಕೆಳಮನೆಯ ವೃದ್ಧ ದಂಪತಿ ಮನೆ ಖಾಲಿ ಮಾಡಿದಾಗ. ಕರಾರು ನವೀಕರಿಸುವ ಹೊತ್ತಿಗೆ ಮಾಲೀಕರು ಮೇಲಿನ ಮನೆಯ ಬಾಡಿಗೆಯನ್ನು ಮುಂದಿಟ್ಟು, ನೀವೂ ಅಷ್ಟು ಕೊಡಿ ಎಂದರಂತೆ. ಮೇಲಿನ ಮನೆ ನನ್ನದು. ಹೊರಡುವ ದಿನ ಆ ಅಜ್ಜಿ, "ನೀವೇನು ಮಾಡುತ್ತೀರಿ, ಕೇಳಿದಷ್ಟು ಕೊಟ್ಟಿರಿ" ಎಂದರು. ದನಿಯಲ್ಲಿ ಕಹಿಯೇ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಲಂಡನ್ನಿನ ಬಗ್ಗೆ ಬರೆದದ್ದೂ ಇದನ್ನೇ: ಕಾರ್ಮಿಕರ ಕೇರಿಗಳಿಗೆ ಮಧ್ಯಮವರ್ಗದವರು ಬಂದು ನೆಲೆಸುತ್ತಾ ಹೋಗುತ್ತಾರೆ, ಮೊದಲಿದ್ದವರಲ್ಲಿ ಬಹುತೇಕರು ಜಾಗ ಬಿಡುವವರೆಗೂ ಅದು ನಿಲ್ಲುವುದಿಲ್ಲ. ಹಾಗೆ ಬಂದು ನೆಲೆಸಿದವರು ತಾವಾಗಿ ಯಾರನ್ನೂ ಕತ್ತು ಹಿಡಿದು ಹೊರಗೆ ದಬ್ಬಿರಲಿಕ್ಕಿಲ್ಲ. ಒಂದು ಒಳ್ಳೆಯ ಮನೆ ಬೇಕೆಂದು ಬಂದವರು ಅವರು, ನನ್ನ ಹಾಗೆಯೇ.

ಈಗ ಕೆಳಮನೆಗೆ ನನಗಿಂತ ಹೆಚ್ಚು ಕೊಡಬಲ್ಲವರು ಬಂದಿದ್ದಾರೆ. ಮುಂದಿನ ಸಲ ಅವರ ಬಾಡಿಗೆ ನನಗೆ ಅಳತೆಗೋಲಾಗುತ್ತದೆ. ಅಮೆರಿಕದಲ್ಲಿ ಬಡವರಿಗಾಗಿ ಇರುವ ಸರ್ಕಾರಿ ಬಾಡಿಗೆ ಮನೆಗಳಲ್ಲಿ 1969ರಲ್ಲಿ ಬಾಡಿಗೆಗೆ ಆದಾಯದ ಶೇ 25ರ ಮಿತಿ ಹಾಕಿದ್ದರು, 1981ರಲ್ಲಿ ಅದನ್ನು ಶೇ 30ಕ್ಕೆ ಏರಿಸಿದರು. ನನ್ನದು ಅರ್ಧವನ್ನು ಮುಟ್ಟಿದೆ. ಭಯವಾಗುತ್ತಿದೆ ಕಣೋ. ಅಮ್ಮನಿಗೆ ಕಳುಹಿಸುವ ಹಣವನ್ನು ಇಳಿಸಿದ್ದೇನೆ, ಅವಳಿಗೆ ಬೇರೆ ಕಾರಣ ಹೇಳಿದ್ದೇನೆ. ಇಷ್ಟು ಜನರ ಮುಂದೆ ಇದನ್ನು ಬರೆಯಬೇಕೆಂದುಕೊಂಡಿರಲಿಲ್ಲ. ಅವಳು ಇದನ್ನು ಓದುವುದಿಲ್ಲ, ನೀನೂ ಹೇಳಬೇಡ.

ಸರಿ, ಸಾಕು. ನೀನು ಬರುವುದನ್ನು ಇನ್ನು ಮುಂದೂಡಬೇಡ. ಬಾಲ್ಕನಿಗೂ ಸೇರಿಸಿಯೇ ಬಾಡಿಗೆ ಕಟ್ಟುತ್ತಿದ್ದೇನೆ, ಅಲ್ಲಿ ಬೆಳಗಾಗುವವರೆಗೂ ಹರಟೋಣ. ಒಳ್ಳೆಯ ಕುರ್ಚಿ ಒಂದೇ ಇದೆ, ಅದು ನಿನಗೆ. ಹಾರ್ಮೋನಿಯಂ ಮಾತ್ರ ತರಬೇಡ. ಏಕೆಂದು ನಿನಗೆ ಗೊತ್ತು.

ನಿನ್ನವನೇ